ಬಾಲಕಿಯರ ಶಾಲೆಯೋ, ಸಹಶಿಕ್ಷಣವೋ: ಇಲಾಖೆಯ ಅಭಿಪ್ರಾಯ ಸಂಗ್ರಹಕ್ಕೆ ಒಬ್ಬ ಪೋಷಕಿಯ ವಿಮರ್ಶೆ

ನಮ್ಮ ಭಾಗದಲ್ಲಿ ಎರಡು ಸರ್ಕಾರಿ ಪ್ರೌಢಶಾಲೆಗಳಿವೆ. ಒಂದು ಬಾಲಕಿಯರದು, ಇನ್ನೊಂದು ಬಾಲಕರದು, ನಡುವೆ ಒಂದು ಗೋಡೆ. ಇವೆರಡನ್ನೂ ಕೂಡಿಸಿ ಸಹಶಿಕ್ಷಣದ ಒಂದೇ ಶಾಲೆ ಮಾಡಬೇಕೇ, ಇದ್ದಂತೆಯೇ ಬಿಡಬೇಕೇ ಎಂದು ಶಿಕ್ಷಣ ಇಲಾಖೆ ಇತ್ತೀಚೆಗೆ ಸಾರ್ವಜನಿಕರನ್ನು ಕೇಳಿತು. ಆನ್‌ಲೈನ್ ಪ್ರಶ್ನಾವಳಿ, ಸಂಜೆಯ ಸಾರ್ವಜನಿಕ ಸಭೆ, ಶನಿವಾರದ ಮುಕ್ತ ಭೇಟಿ, ವಿದ್ಯಾರ್ಥಿಗಳ ಗುಂಪು ಚರ್ಚೆ, ಕೊನೆಗೊಂದು ವರದಿ. ಇಷ್ಟೂ ನಡೆದದ್ದು ತೆರಿಗೆ ಹಣದಲ್ಲಿ. ಹಾಗಾಗಿ ಇದೂ ಒಂದು ಸಾರ್ವಜನಿಕ ಸೇವೆಯೇ, ವಿಮರ್ಶೆಗೆ ಅರ್ಹವಾದದ್ದೇ.

ನನ್ನ ಅಂಕ ಐದಕ್ಕೆ ಎರಡೂವರೆ. ಆ ಎರಡೂವರೆಯಲ್ಲಿ ಹೆಚ್ಚಿನ ಪಾಲು ಶನಿವಾರದ ಭೇಟಿಗೂ ಮಕ್ಕಳ ಗುಂಪು ಚರ್ಚೆಗೂ ಸೇರಬೇಕು. ಪ್ರಶ್ನಾವಳಿಗೆ ಏನೂ ಕೊಡಲಾರೆ.

ನಾನು ಯಾರು ಎಂಬುದನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ನನ್ನ ಮಗ ಬಾಲಕರ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾನೆ. ಮಗಳು ಪ್ರಾಥಮಿಕ ಶಾಲೆಯ ಕೊನೆಯ ವರ್ಷದಲ್ಲಿದ್ದಾಳೆ. ನಾನು ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬೋಧಕಿ. ಹುಡುಗರು, ಹುಡುಗಿಯರು ಸೇರಿದ ತಂಡಗಳಲ್ಲಿ ಆಸಿಲೋಸ್ಕೋಪಿನ (ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಗುಂಡಿ ತಿರುಗಿಸುವವರು ಯಾರು, ಪಕ್ಕದಲ್ಲಿ ಕುಳಿತು ಅಳತೆಗಳನ್ನು ಪುಸ್ತಕಕ್ಕೆ ಬರೆದುಕೊಳ್ಳುವವರು ಯಾರು ಎಂಬುದನ್ನು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಯಾರೂ ಯಾರಿಗೂ ಅಪ್ಪಣೆ ಮಾಡಿರುವುದಿಲ್ಲ. ತಂಡ ಕೂತ ಮೊದಲ ಐದು ನಿಮಿಷದಲ್ಲಿ ಅದು ತಾನಾಗಿಯೇ ನಿರ್ಧಾರವಾಗಿಬಿಡುತ್ತದೆ. ಆಮೇಲೆ ವರ್ಷವಿಡೀ ಬದಲಾಗುವುದಿಲ್ಲ. ಬೋಧಕರು ಮಧ್ಯೆ ಬಂದು ಕೆಲಸ ಅದಲುಬದಲು ಮಾಡಿಸಿದರೆ ಮಾತ್ರ ಬದಲಾಗುತ್ತದೆ. ಇದನ್ನು ಬಲ್ಲೆನಾದರೂ ನಾನು ಸಹಶಿಕ್ಷಣದ ಪರ. ಆದರೆ ನನ್ನ ಒಪ್ಪಿಗೆಗೆ ಷರತ್ತುಗಳಿವೆ. ಇಡೀ ಅಭಿಪ್ರಾಯ ಸಂಗ್ರಹದಲ್ಲಿ ಆ ಷರತ್ತುಗಳನ್ನು ಹೇಳಲು ಜಾಗವೇ ಇರಲಿಲ್ಲ ಎಂಬುದು ನನ್ನ ಮುಖ್ಯ ದೂರು.

ಪ್ರಶ್ನಾವಳಿಯಿಂದಲೇ ಆರಂಭಿಸುತ್ತೇನೆ, ಬಹುಪಾಲು ಜನ ನೋಡಿದ್ದು ಅದನ್ನೊಂದೇ. ಮೊದಲ ಪುಟದಲ್ಲಿ ನೀವು ಪೋಷಕರೇ, ವಿದ್ಯಾರ್ಥಿಯೇ, ಸಿಬ್ಬಂದಿಯೇ, ಹಳೆಯ ವಿದ್ಯಾರ್ಥಿಯೇ, ಸ್ಥಳೀಯ ನಿವಾಸಿಯೇ ಎಂಬ ಪ್ರಶ್ನೆ. ಒಂದನ್ನು ಮಾತ್ರ ಆರಿಸಬಹುದು. ನನ್ನ ಪಕ್ಕದ ಮನೆಯವರು ಬಾಲಕಿಯರ ಶಾಲೆಯ ಹಳೆಯ ವಿದ್ಯಾರ್ಥಿನಿ, ಈಗ ಅದೇ ಶಾಲೆಯ ಪೋಷಕಿ, ಮೇಲಾಗಿ ಅಲ್ಲಿಯ ಅರೆಕಾಲಿಕ ಗ್ರಂಥಪಾಲಕಿ. ಅವರು ಏನನ್ನು ಆರಿಸಬೇಕು? ಎರಡನೇ ಪುಟದಲ್ಲಿ ಪ್ರಧಾನ ಪ್ರಶ್ನೆ: ‘ನಿಮ್ಮ ಆದ್ಯತೆ ಯಾವುದು?’ ಉತ್ತರಗಳು ಮೂರು: ಸಹಶಿಕ್ಷಣ, ಪ್ರತ್ಯೇಕ ಶಾಲೆ, ಖಚಿತ ಅಭಿಪ್ರಾಯವಿಲ್ಲ. ಕೆಳಗೆ ‘ಕಾರಣ ತಿಳಿಸಿ’ ಎಂಬ ಚಿಕ್ಕ ಚೌಕ. ಎರಡು ವಾಕ್ಯ ಬರೆಯುವಷ್ಟರಲ್ಲಿ ಅಕ್ಷರಗಳ ಮಿತಿ ಮುಗಿದು ಚೌಕದ ಅಂಚು ಕೆಂಪಾಗುತ್ತದೆ. ಮೂರನೇ ಪುಟದಲ್ಲಿ ಧನ್ಯವಾದ.

ಶಾಲೆ ಕೂಡಿದರೆ ಆಟದ ಮೈದಾನವನ್ನು ಯಾರು ಯಾವಾಗ ಬಳಸುತ್ತಾರೆ? ಬಾಲಕಿಯರ ಶಾಲೆಯಲ್ಲಿ ಈಗ ಹತ್ತನೇ ತರಗತಿಯ ನಂತರವೂ ಭೌತಶಾಸ್ತ್ರ ಕಲಿಯುವವರ ತರಗತಿ ತುಂಬಿದೆ. ಆ ವಿಭಾಗದ ಶಿಕ್ಷಕಿಯರು ಹೊಸ ಶಾಲೆಯಲ್ಲೂ ಮುಂದುವರಿಯುತ್ತಾರೆಯೇ? ಬಾಲಕರ ಶಾಲೆಯ ಮರಗೆಲಸ ಮತ್ತು ಲೋಹದ ಕೆಲಸದ ಕಾರ್ಯಾಗಾರ ಹುಡುಗಿಯರಿಗೂ ತೆರೆದಿರುತ್ತದೆಯೇ, ಅಥವಾ ವೇಳಾಪಟ್ಟಿಯಲ್ಲಿ ಅದನ್ನು ಬೇರೊಂದು ಜನಪ್ರಿಯ ವಿಷಯದ ಎದುರು ಇಟ್ಟು ಬಾಗಿಲು ಹಾಕುತ್ತಾರೆಯೇ? ಬಾಲಕರ ಕಟ್ಟಡದಲ್ಲಿ ಹುಡುಗಿಯರ ಶೌಚಾಲಯಗಳನ್ನು ಮೊದಲು ಕಟ್ಟಿ ಆಮೇಲೆ ಮಕ್ಕಳನ್ನು ಸೇರಿಸುತ್ತಾರೆಯೇ, ಸೇರಿಸಿದ ಮೇಲೆ ಕಟ್ಟುತ್ತಾರೆಯೇ? ಈಗ ಇರುವ ಇಬ್ಬರು ಮುಖ್ಯಶಿಕ್ಷಕರಲ್ಲಿ ಯಾರು ಉಳಿಯುತ್ತಾರೆ? ಈ ಒಂದೊಂದೂ ಮಗುವಿನ ದಿನವನ್ನು ರೂಪಿಸುವ ಸಂಗತಿ. ಇವು ಗೊತ್ತಿಲ್ಲದೆ ‘ಸಹಶಿಕ್ಷಣ ಇಷ್ಟ’ ಎಂದು ಗುರುತು ಹಾಕುವುದಕ್ಕೆ ಏನರ್ಥ? ನಾನು ಗುರುತು ಹಾಕಿದ್ದು ನನ್ನ ಮನಸ್ಸಿನಲ್ಲಿರುವ ಶಾಲೆಗೆ. ಅವರು ಎಣಿಸಿದ್ದು ತಾವು ಕಟ್ಟಲಿರುವ ಶಾಲೆಗೆ ಸಿಕ್ಕ ಒಪ್ಪಿಗೆಯೆಂದು. ಇವೆರಡೂ ಒಂದೇ ಆಗಿರಬೇಕೆಂಬ ಖಾತರಿ ಎಲ್ಲಿಯೂ ಇಲ್ಲ.

ಪ್ರಶ್ನಾವಳಿ ಒಂದೇ ಭಾಷೆಯಲ್ಲಿತ್ತು. ಅದೇ ಕೊಂಡಿಯಿಂದ ಒಬ್ಬರೇ ಮತ್ತೆ ಮತ್ತೆ ಉತ್ತರಿಸಬಹುದಿತ್ತು, ತಡೆಯುವ ವ್ಯವಸ್ಥೆ ಇರಲಿಲ್ಲ. ಇವೆರಡನ್ನೂ ಸಭೆಯಲ್ಲಿ ಹಲವರು ಎತ್ತಿದರು.

ಇಲಾಖೆ ಪೋಷಕರಿಗೆ ಕೊಟ್ಟ ಮಾಹಿತಿ ಪತ್ರದ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಪ್ರತ್ಯೇಕ ಶಾಲೆ ಮತ್ತು ಸಹಶಿಕ್ಷಣದ ಬಗ್ಗೆ ಜಗತ್ತಿನಾದ್ಯಂತ ದಶಕಗಳಿಂದ ಅಧ್ಯಯನ ನಡೆದಿದೆ. ಆ ಪತ್ರದಲ್ಲಿ ಅದಕ್ಕೆ ದಕ್ಕಿದ್ದು ಒಂದೇ ಸಾಲು: ‘ಸಂಶೋಧನೆಯ ಫಲಿತಾಂಶಗಳು ಮಿಶ್ರವಾಗಿವೆ.’ ಪೋಷಕರಿಗೆ ಇಷ್ಟು ಸಾಕು ಎಂದು ತೀರ್ಮಾನಿಸಿದವರು ಪೋಷಕರನ್ನು ತೀರಾ ಕಡಿಮೆ ಅಂದಾಜು ಮಾಡಿದ್ದಾರೆ. ಮಿಶ್ರ ಎಂದರೆ ಏನು, ಎಲ್ಲಿ ಯಾವ ಕಾರಣಕ್ಕೆ ಬೇರೆಯಾಯಿತು ಎಂಬುದೇ ಇಲ್ಲಿ ಮುಖ್ಯವಾದ ವಿಚಾರ.

2014ರಲ್ಲಿ ಪಾಲ್ಕೆ, ಹೈಡ್ ಮತ್ತು ಆಲಿಸನ್ ಎಂಬ ಮೂವರು ಸಂಶೋಧಕರು 21 ದೇಶಗಳ 184 ಅಧ್ಯಯನಗಳನ್ನು, ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದರು. ಮನೆಯ ಹಿನ್ನೆಲೆ, ಮಕ್ಕಳ ಆಯ್ಕೆ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಉತ್ತಮ ಗುಣಮಟ್ಟದ ಅಧ್ಯಯನಗಳಲ್ಲಿ ಎರಡೂ ಬಗೆಯ ಶಾಲೆಗಳ ನಡುವಿನ ವ್ಯತ್ಯಾಸ ನಗಣ್ಯ ಎನ್ನುವಷ್ಟು ಕಡಿಮೆಯಾಯಿತು. ಬಾಲಕಿಯರ ಶಾಲೆಗಳ ಫಲಿತಾಂಶ ಚೆನ್ನಾಗಿರುವುದಕ್ಕೆ ಅಲ್ಲಿಗೆ ಎಂಥ ಮನೆಗಳ ಮಕ್ಕಳು ಸೇರುತ್ತಾರೆ ಎಂಬುದೂ ಕಾರಣ ಎಂದು ಇದರಿಂದ ತಿಳಿಯುತ್ತದೆ.

ಆದರೆ ದಕ್ಷಿಣ ಕೊರಿಯಾದ ಸೋಲ್ ನಗರದ ಕಥೆ ಬೇರೆ. ಅಲ್ಲಿ 1974ರಿಂದ ಪ್ರೌಢಶಾಲೆಯ ಪ್ರವೇಶವನ್ನು ಜಿಲ್ಲೆಯೊಳಗೆ ಲಾಟರಿಯ ಮೂಲಕ ಹಂಚುವ ಪದ್ಧತಿ ಬಂತು. ಮಗು ಪ್ರತ್ಯೇಕ ಶಾಲೆಗೆ ಹೋಗುತ್ತದೆಯೋ ಸಹಶಿಕ್ಷಣ ಶಾಲೆಗೋ ಎಂಬುದನ್ನು ಮನೆಯವರು ನಿರ್ಧರಿಸಲಿಲ್ಲ, ಚೀಟಿ ನಿರ್ಧರಿಸಿತು. ಆ ಮಾಹಿತಿಯನ್ನು ಬಳಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಪ್ರತ್ಯೇಕ ಶಾಲೆಯಲ್ಲಿ ಓದಿದ ಹುಡುಗರೂ ಹುಡುಗಿಯರೂ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ನಾಲ್ಕು ವರ್ಷದ ಕಾಲೇಜುಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಸೇರಿದರು ಎಂದಿತು. ‘ಒಳ್ಳೆಯ ಮನೆಯ ಮಕ್ಕಳು ಸೇರುತ್ತಾರೆ, ಅದಕ್ಕೆ’ ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ಉದಾಹರಣೆ ಇನ್ನೂ ಸ್ವಾರಸ್ಯಕರ. ಅರ್ಥಶಾಸ್ತ್ರಜ್ಞ ಕಿರಾಬೊ ಜಾಕ್ಸನ್ ಅಲ್ಲಿ ನಡೆಸಿದ ಮೊದಲ ಅಧ್ಯಯನದಲ್ಲಿ ಪ್ರತ್ಯೇಕ ಶಾಲೆಯಿಂದ ಹೆಚ್ಚಿನ ಮಕ್ಕಳಿಗೆ ಲಾಭವೇನೂ ಕಾಣಲಿಲ್ಲ. ಲಾಭವಾದದ್ದು ಅಂಥ ಶಾಲೆಯೇ ಬೇಕೆಂದು ಗಟ್ಟಿಯಾಗಿ ಬಯಸಿ ಹೋದ ಹುಡುಗಿಯರಿಗೆ. ಅಂಥ ಶಾಲೆಗಳಲ್ಲಿ ಹುಡುಗಿಯರು ವಿಜ್ಞಾನ ವಿಷಯಗಳನ್ನು ಕಡಿಮೆ ಆರಿಸಿಕೊಂಡಿದ್ದೂ ಕಂಡುಬಂತು. 2010ರಲ್ಲಿ ಅಲ್ಲಿಯ ಸರ್ಕಾರ ಹಿಂದುಳಿದ 20 ಸಹಶಿಕ್ಷಣ ಶಾಲೆಗಳನ್ನು ಪ್ರತ್ಯೇಕ ಶಾಲೆಗಳನ್ನಾಗಿ ಬದಲಿಸಿತು. ಅದೇ ಜಾಕ್ಸನ್ ಅದನ್ನೂ ಅಧ್ಯಯನ ಮಾಡಿದಾಗ ಹುಡುಗರು, ಹುಡುಗಿಯರು ಇಬ್ಬರ ಅಂಕಗಳೂ ಏರಿದ್ದವು. ಒಂದೇ ದೇಶ, ಒಬ್ಬರೇ ಸಂಶೋಧಕರು, ಫಲಿತಾಂಶ ಎರಡು. ಯಾವ ಶಾಲೆ, ಯಾವ ಮಕ್ಕಳು, ಎಂಥ ಸ್ಥಿತಿಯಿಂದ ಹೊರಟಿತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ನನ್ನ ವಿಷಯವಾದ ಭೌತಶಾಸ್ತ್ರದ ಬಗ್ಗೆ ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ 2012ರಲ್ಲಿ ಒಂದು ವರದಿ ತಂದಿತು. 2011ರ ಮಾಹಿತಿಯ ಪ್ರಕಾರ ಇಂಗ್ಲೆಂಡಿನ ಸರ್ಕಾರಿ ನೆರವಿನ ಸಹಶಿಕ್ಷಣ ಶಾಲೆಗಳಲ್ಲಿ 49 ಶೇಕಡಾ ಶಾಲೆಗಳಿಂದ ಒಬ್ಬಳೇ ಒಬ್ಬ ಹುಡುಗಿಯೂ ಎ-ಲೆವೆಲ್ (ನಮ್ಮ ಪಿಯುಸಿಯಂಥ ಹಂತ) ಭೌತಶಾಸ್ತ್ರಕ್ಕೆ ಹೋಗಿರಲಿಲ್ಲ. ಬಾಲಕಿಯರ ಶಾಲೆಯಿಂದ ಬಂದವರು ಆ ವಿಷಯ ಆರಿಸಿಕೊಳ್ಳುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಟ್ರಿನಿಡಾಡಿನಲ್ಲಿ ಒಂದು, ಇಂಗ್ಲೆಂಡಿನಲ್ಲಿ ಇನ್ನೊಂದು. ಅರ್ಧದಷ್ಟು ಸಹಶಿಕ್ಷಣ ಶಾಲೆಗಳಲ್ಲಿ ಹೀಗಾದರೂ ಉಳಿದ ಅರ್ಧದಲ್ಲಿ ಹುಡುಗಿಯರು ಆ ತರಗತಿಗೆ ಹೋಗಿದ್ದರು ಎಂಬುದನ್ನು ಮರೆಯಬಾರದು. ಅಂದರೆ ಶಾಲೆಯೊಳಗೆ ನಡೆಯುವ ಏನೋ ಒಂದು ಇದನ್ನು ಬದಲಿಸಬಲ್ಲದು. ಪ್ರಯೋಗಾಲಯದಲ್ಲಿ ನಾನು ಕಾಣುವುದೂ ಇದನ್ನೇ. ಹುಡುಗಿಯರನ್ನು ಬೇರೆ ಕೋಣೆಗೆ ಕಳಿಸದೆಯೂ ಗುಂಡಿ ಅವರ ಕೈಗೆ ಬರುವಂತೆ ಮಾಡಬಹುದು. ಆದರೆ ಯಾರಾದರೂ ಅದನ್ನು ತಮ್ಮ ಕೆಲಸ ಎಂದು ಒಪ್ಪಿಕೊಂಡಿರಬೇಕು.

ಇಷ್ಟನ್ನು ಒಂದು ಪುಟದಲ್ಲಿ ಸರಳವಾಗಿ ಬರೆದು ಪೋಷಕರಿಗೆ ಕೊಡಬಹುದಿತ್ತು. ಕೊಟ್ಟಿದ್ದರೆ ಸಭೆಯ ಮಾತು ಬೇರೆಯದೇ ಆಗುತ್ತಿತ್ತು.

ಸಭೆ ನಡೆದದ್ದು ಬಾಲಕಿಯರ ಶಾಲೆಯ ಸಭಾಂಗಣದಲ್ಲಿ. ಮುಂದಿನ ಸಾಲುಗಳಲ್ಲಿ ಹಳೆಯ ವಿದ್ಯಾರ್ಥಿಗಳು. ಅವರು ಮೊದಲೇ ಬಂದು ಕುಳಿತಿದ್ದರು, ಮಾತಿಗೂ ಮೊದಲೇ ಹೆಸರು ಕೊಟ್ಟಿದ್ದರು. ಅವರ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಶಾಲೆ ತಮಗೆ ಧೈರ್ಯ ಕೊಟ್ಟಿತು ಎಂದು ಒಬ್ಬ ಹಿರಿಯ ಮಹಿಳೆ ಹೇಳುವಾಗ ಸಭಾಂಗಣ ಸ್ತಬ್ಧವಾಗಿತ್ತು. ಆದರೆ ಅವರ ಶಾಲೆಯ ದಿನಗಳು ಮುಗಿದಿವೆ. ಮುಂದಿನ ವರ್ಷ ಸೇರಬೇಕಾದ ಮಕ್ಕಳ ಪೋಷಕರಿಗೆ, ಅವರಲ್ಲಿ ಬಹಳಷ್ಟು ಜನ ಚಿಕ್ಕ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಲಾಗದವರು, ಮೈಕ್ ತಲುಪುವ ವೇಳೆಗೆ ಸಮಯ ಮುಗಿಯುತ್ತಾ ಬಂದಿತ್ತು. ಅಧಿಕಾರಿಗಳು ಪ್ರತಿಯೊಬ್ಬರ ಮಾತಿಗೂ ‘ಇದನ್ನು ದಾಖಲಿಸಿಕೊಳ್ಳುತ್ತೇವೆ’ ಎಂದರು. ಮೈದಾನದ ಬಗ್ಗೆ ಕೇಳಿದವರಿಗೂ ಅದೇ ಉತ್ತರ, ಶಿಕ್ಷಕರ ನೇಮಕದ ಬಗ್ಗೆ ಕೇಳಿದವರಿಗೂ ಅದೇ ಉತ್ತರ. ‘ನಿರ್ಧಾರ ಈಗಾಗಲೇ ಆಗಿದೆಯೇ?’ ಎಂದು ಒಬ್ಬ ತಂದೆ ನೇರವಾಗಿ ಕೇಳಿದರು. ‘ಎಲ್ಲ ಆಯ್ಕೆಗಳೂ ಮುಕ್ತವಾಗಿವೆ’ ಎಂಬ ಉತ್ತರ ಬಂತು. ಹಾಗಾದರೆ ಯಾವ ಅಂಶ ಎದುರಾದರೆ ವಿಲೀನ ಕೈಬಿಡುತ್ತೀರಿ ಎಂಬ ಅವರ ಮುಂದಿನ ಪ್ರಶ್ನೆಗೆ ಉತ್ತರ ಬರಲಿಲ್ಲ. ಆ ಸಂಜೆಯ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಸಹಶಿಕ್ಷಣದ ಪರ ಇರುವ ಒಂದು ಮುಖ್ಯ ವಾದವನ್ನು ಅಲ್ಲಿ ಯಾರೂ ಹೇಳಲಿಲ್ಲ, ಇಲಾಖೆಯೂ ಹೇಳಲಿಲ್ಲ. ಒಂದು ಪ್ರದೇಶದಲ್ಲಿ ಬಾಲಕಿಯರ ಶಾಲೆ ಇದ್ದರೆ ಅದರ ಪರಿಣಾಮ ಆ ಗೋಡೆಯೊಳಗೇ ನಿಲ್ಲುವುದಿಲ್ಲ. ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸುವ ಎಷ್ಟೋ ಮನೆಯವರು ಗಂಡುಮಕ್ಕಳಿಗೆ ಸಹಶಿಕ್ಷಣ ಶಾಲೆಯನ್ನು ಆರಿಸುತ್ತಾರೆ. ಸುತ್ತಲಿನ ಸಹಶಿಕ್ಷಣ ಶಾಲೆಗಳಲ್ಲಿ ಆಗ ಹುಡುಗರ ಸಂಖ್ಯೆ ಹೆಚ್ಚುತ್ತದೆ, ಅಲ್ಲಿ ಉಳಿದ ಹುಡುಗಿಯರು ತರಗತಿಯಲ್ಲಿ ಬೆರಳೆಣಿಕೆಯಷ್ಟಾಗುತ್ತಾರೆ. ಅದನ್ನು ನೋಡಿ ಇನ್ನಷ್ಟು ಪೋಷಕರು ಹೆಣ್ಣುಮಕ್ಕಳನ್ನು ಬಾಲಕಿಯರ ಶಾಲೆಗೆ ಕಳಿಸುತ್ತಾರೆ. ನೆರೆಯ ಶಾಲೆಗಳ ಪೋಷಕರಿಗೂ ಈ ಅಭಿಪ್ರಾಯ ಸಂಗ್ರಹದಲ್ಲಿ ಜಾಗ ಇರಬೇಕಿತ್ತು. ಅವರಿಗೆ ಪತ್ರವೇ ಹೋಗಿರಲಿಲ್ಲ.

ಶನಿವಾರದ ಮುಕ್ತ ಭೇಟಿಗೆ ಬಂದವರು ಕಡಿಮೆ. ಆದರೆ ಇಲಾಖೆ ಮಾಡಿದ ಅತ್ಯುತ್ತಮ ಕೆಲಸ ಅದೇ. ಗ್ರಂಥಾಲಯದ ಉದ್ದನೆಯ ಮೇಜಿನ ಮೇಲೆ ಎರಡೂ ಶಾಲೆಗಳ ನಕ್ಷೆಯನ್ನು ಹರಡಿದ್ದರು. ಹಳದಿ ಚೀಟಿಗಳು, ಪೆನ್ನುಗಳು. ಬಂದವರು ತಮಗೆ ಮುಖ್ಯವೆನಿಸಿದ ಜಾಗದ ಮೇಲೆ ಚೀಟಿ ಅಂಟಿಸಬೇಕು. ಅಲ್ಲಿದ್ದ ಯುವ ಅಧಿಕಾರಿಯೊಬ್ಬರು ನಾವು ಹೇಳಿದ್ದನ್ನು ನಮ್ಮದೇ ಮಾತುಗಳಲ್ಲಿ ಬರೆದುಕೊಂಡು, ಓದಿ ಹೇಳಿ, ‘ಹೀಗೇ ಹೇಳಿದ್ದಲ್ಲವೇ?’ ಎಂದು ಖಚಿತಪಡಿಸಿಕೊಂಡರು. ನಾನು ‘ಹುಡುಗಿಯರ ಶೌಚಾಲಯ ಮಹಡಿಗೊಂದರಂತೆ, ಮಕ್ಕಳು ಬರುವ ಮೊದಲು’ ಎಂದೆ. ಅವರು ‘ಮೊದಲು’ ಎಂಬ ಪದದ ಕೆಳಗೆ ಗೆರೆ ಎಳೆದರು. ಕೇಳಿಸಿಕೊಂಡರು ಎಂಬ ಭಾವನೆ ಬಂದದ್ದು ಅಲ್ಲಿ ಮಾತ್ರ.

ಸಂಜೆಯ ವೇಳೆಗೆ ನಕ್ಷೆಯ ಮೇಲೆ ಚೀಟಿಗಳು ಎಲ್ಲೆಲ್ಲಿ ಗುಂಪುಗೂಡಿದ್ದವು ಎಂಬುದೇ ಒಂದು ಪಾಠ. ತರಗತಿ ಕೋಣೆಗಳ ಮೇಲೆ ವಿರಳ. ಮೈದಾನ, ಶೌಚಾಲಯ, ಬಸ್ ನಿಲ್ಲುವ ಗೇಟು, ಎರಡು ಕಟ್ಟಡಗಳ ನಡುವಿನ ಕಿರಿದಾದ ಮೆಟ್ಟಿಲು, ಇವುಗಳ ಮೇಲೆ ಒತ್ತೊತ್ತಾಗಿ. ಮೆಟ್ಟಿಲ ಮೇಲಿನ ಒಂದು ಚೀಟಿಯಲ್ಲಿ, ಯಾವುದೋ ಹುಡುಗಿಯ ಕೈಬರಹದಲ್ಲಿ, ‘ಇಲ್ಲಿ ಶಿಕ್ಷಕರು ನಿಂತಿರಬೇಕು’ ಎಂದು ಬರೆದಿತ್ತು. ಸಹಶಿಕ್ಷಣ ಬೇಕೇ ಬೇಡವೇ ಎಂದು ಆ ಹುಡುಗಿ ಹೇಳಿಲ್ಲ. ಬಂದರೆ ಏನಾಗಬೇಕು ಎಂದು ಹೇಳಿದ್ದಾಳೆ. ಮೂರು ಉತ್ತರಗಳ ಪ್ರಶ್ನಾವಳಿಯಲ್ಲಿ ಅವಳ ಮಾತು ಎಲ್ಲಿ ಸೇರುತ್ತದೆ?

ಮಕ್ಕಳ ಅಭಿಪ್ರಾಯ ಕೇಳುವುದು ಯಾರ ಔದಾರ್ಯವೂ ಅಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನೂ ವಯಸ್ಸು, ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ತೂಕ ಸಿಗುವ ಹಕ್ಕನ್ನೂ ಮಗುವಿಗೆ ಕೊಡುತ್ತದೆ. ಇಲಾಖೆ ಎರಡೂ ಶಾಲೆಗಳಲ್ಲಿ ಸಣ್ಣ ಗುಂಪುಗಳನ್ನು ಮಾಡಿ, ಶಿಕ್ಷಕರನ್ನು ಹೊರಗಿಟ್ಟು, ಹೊರಗಿನ ನಿರ್ವಾಹಕರಿಂದ ಚರ್ಚೆ ನಡೆಸಿತು. ಇದನ್ನು ಮನಸಾರೆ ಮೆಚ್ಚುತ್ತೇನೆ. ನನ್ನ ಮಗ ಅದರಲ್ಲಿದ್ದ. ಮನೆಗೆ ಬಂದು ಹೇಳಿದ: ‘ಹುಡುಗಿಯರು ಬಂದರೆ ನಾವು ಸಭ್ಯರಾಗುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮನ್ನು ಸಭ್ಯರನ್ನಾಗಿ ಮಾಡುವುದು ಅವರ ಕೆಲಸವೇ?’ ಹದಿಹರೆಯದ ಹುಡುಗನ ಬಾಯಿಂದ ಈ ಮಾತು ಬಂದಾಗ ನನಗೆ ಹೆಮ್ಮೆಯಾಯಿತು. ಸಹಶಿಕ್ಷಣದ ಪರವಾಗಿ ಸಭೆಯಲ್ಲಿ ಪದೇ ಪದೇ ಕೇಳಿಬಂದ ವಾದ ಇದೇ: ಹುಡುಗಿಯರಿದ್ದರೆ ಹುಡುಗರ ಒರಟುತನ ತಗ್ಗುತ್ತದೆ. ನಾನು ಸಹಶಿಕ್ಷಣದ ಪರವಾಗಿದ್ದೂ ಈ ವಾದವನ್ನು ಒಪ್ಪುವುದಿಲ್ಲ. ನನ್ನ ಮಗಳು ಶಾಲೆಗೆ ಹೋಗುವುದು ಕಲಿಯಲು. ಇನ್ನೊಬ್ಬರ ಮಗನನ್ನು ತಿದ್ದಲು ಅಲ್ಲ.

ಆದರೆ ಮುಂದಿನ ವರ್ಷಗಳಲ್ಲಿ ಆ ಶಾಲೆಗೆ ನಿಜವಾಗಿ ಸೇರಲಿರುವ ಪ್ರಾಥಮಿಕ ಶಾಲೆಯ ಮಕ್ಕಳನ್ನು ಯಾರೂ ಕೇಳಲಿಲ್ಲ. ವಿಲೀನವಾಗುವಷ್ಟರಲ್ಲಿ ನನ್ನ ಮಗ ಶಾಲೆ ಮುಗಿಸಿರುತ್ತಾನೆ. ಅಲ್ಲಿ ಐದಾರು ವರ್ಷ ಕಳೆಯಬೇಕಾದವಳು ಮಗಳು.

ವರದಿ ಬಂದದ್ದು ಅಭಿಪ್ರಾಯ ಸಂಗ್ರಹ ಮುಗಿದು ಬಹಳ ಕಾಲದ ನಂತರ, ಶಾಲಾ ರಜೆಯ ಮೊದಲ ವಾರದಲ್ಲಿ. ಮೊದಲ ಪುಟದ ದೊಡ್ಡ ವೃತ್ತಾಕಾರದ ಚಿತ್ರ ಹೆಚ್ಚಿನವರು ಸಹಶಿಕ್ಷಣ ಬಯಸುತ್ತಾರೆ ಎಂದು ತೋರಿಸುತ್ತದೆ. ಅನುಬಂಧದವರೆಗೆ ಹೋದರೆ ಮಾತ್ರ ಚಿತ್ರ ಬೇರೆಯಾಗುತ್ತದೆ: ಪ್ರಾಥಮಿಕ ಶಾಲೆಯ ಪೋಷಕರಲ್ಲಿ ಬಹುಮತ ಪರವಾಗಿ, ಬಾಲಕಿಯರ ಶಾಲೆಯ ಈಗಿನ ವಿದ್ಯಾರ್ಥಿನಿಯರಲ್ಲಿ ಬಹುಮತ ವಿರುದ್ಧವಾಗಿ, ಸಿಬ್ಬಂದಿ ಎರಡು ಭಾಗ. ಈ ಗುಂಪುಗಳನ್ನೆಲ್ಲ ಕೂಡಿಸಿ ಒಂದೇ ಸಂಖ್ಯೆ ಮಾಡಿದರೆ ಅದು ಯಾರ ಅಭಿಪ್ರಾಯವೂ ಆಗಿ ಉಳಿಯುವುದಿಲ್ಲ. ಸ್ವಂತ ಇಚ್ಛೆಯಿಂದ ಉತ್ತರಿಸಿದವರ ಎಣಿಕೆ ಜನಮತಗಣನೆಯೂ ಅಲ್ಲ. ಬಾಲಕಿಯರ ಶಾಲೆಯ ಹುಡುಗಿಯರು ಬೇಡ ಎಂದದ್ದು ಏಕೆ ಎಂಬುದಕ್ಕೆ ಒಂದು ಪೂರ್ತಿ ಅಧ್ಯಾಯ ಮೀಸಲಿಡಬೇಕಿತ್ತು. ಇದ್ದದ್ದು ಒಂದು ಪ್ಯಾರಾ. ಶನಿವಾರದ ಹಳದಿ ಚೀಟಿಗಳು ‘ಮೂಲಸೌಕರ್ಯದ ಕುರಿತ ಸಲಹೆಗಳು’ ಎಂಬ ಒಂದೇ ಸಾಲಿನೊಳಗೆ ಕರಗಿಹೋಗಿದ್ದವು.

ಇಂಥ ಪ್ರಕ್ರಿಯೆ ಹೇಗಿರಬೇಕು ಎಂಬುದಕ್ಕೆ ಅಳತೆಗೋಲು ಇಲ್ಲದಿಲ್ಲ. 1985ರಲ್ಲಿ ಲಂಡನ್ನಿನ ಬ್ರೆಂಟ್ ಪ್ರದೇಶದಲ್ಲಿ ಶಾಲೆಗಳನ್ನು ಮುಚ್ಚುವ ಪ್ರಸ್ತಾವದ ವಿರುದ್ಧ ಪೋಷಕರು ನ್ಯಾಯಾಲಯಕ್ಕೆ ಹೋದರು. ಆ ಗನ್ನಿಂಗ್ ಪ್ರಕರಣದಲ್ಲಿ ಪೋಷಕರ ಪರ ವಕೀಲ ಸ್ಟೀಫನ್ ಸೆಡ್ಲಿ ಮುಂದಿಟ್ಟ ನಾಲ್ಕು ತತ್ವಗಳನ್ನು ನ್ಯಾಯಾಲಯ ಒಪ್ಪಿಕೊಂಡಿತು. ಪ್ರಸ್ತಾವ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಕೇಳಬೇಕು. ಜನ ವಿವೇಚಿಸಿ ಉತ್ತರಿಸಲು ಸಾಕಾಗುವಷ್ಟು ಕಾರಣಗಳನ್ನು ತಿಳಿಸಬೇಕು. ಸಾಕಷ್ಟು ಸಮಯ ಕೊಡಬೇಕು. ಬಂದ ಉತ್ತರಗಳನ್ನು ನಿರ್ಧಾರ ಮಾಡುವಾಗ ಪ್ರಾಮಾಣಿಕವಾಗಿ ಪರಿಗಣಿಸಬೇಕು. 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಲಂಡನ್ನಿನ ಹ್ಯಾರಿಂಗೆ ಪ್ರದೇಶದ ಪ್ರಕರಣವೊಂದರಲ್ಲಿ ಇವುಗಳನ್ನು ಎತ್ತಿಹಿಡಿದು, ಕೈಬಿಟ್ಟ ಪರ್ಯಾಯಗಳನ್ನೂ ಕೆಲವೊಮ್ಮೆ ಜನರ ಮುಂದಿಡಬೇಕಾಗುತ್ತದೆ ಎಂದಿತು. ಆ ತೀರ್ಪುಗಳು ಅಲ್ಲಿಯ ಕಾನೂನು, ನಿಜ. ಆದರೆ ಪೋಷಕರು ಎಲ್ಲಿಯಾದರೂ ಕೇಳಬಹುದಾದ ಪ್ರಶ್ನೆಗಳೇ ಅವು.

ನಮ್ಮ ಅಭಿಪ್ರಾಯ ಸಂಗ್ರಹಕ್ಕೆ ಸಮಯದ ವಿಷಯದಲ್ಲಿ ಪೂರ್ಣ ಅಂಕ, ಅವಸರ ಮಾಡಲಿಲ್ಲ. ಕಾರಣ ಮತ್ತು ಮಾಹಿತಿಯ ವಿಷಯದಲ್ಲಿ ವಿಫಲ. ಪರ್ಯಾಯಗಳ ವಿಷಯದಲ್ಲಂತೂ ಬಾಗಿಲನ್ನೇ ತೆರೆಯಲಿಲ್ಲ. ಎರಡೂ ಶಾಲೆ ಉಳಿಸಿಕೊಂಡು ಹಿರಿಯ ತರಗತಿಗಳನ್ನು ಮಾತ್ರ ಒಟ್ಟಿಗೆ ನಡೆಸಬಹುದು. ಒಂದೇ ಶಾಲೆಯಾಗಿಸಿ ಕೆಲವು ವಿಷಯಗಳಿಗೆ ಪ್ರತ್ಯೇಕ ವಿಭಾಗ ಇಡಬಹುದು. ಒಂದು ತರಗತಿಯಿಂದ ಆರಂಭಿಸಿ ವರ್ಷಕ್ಕೊಂದರಂತೆ ಕೂಡಿಸುತ್ತಾ ಹೋಗಬಹುದು. ಇವುಗಳಲ್ಲಿ ಒಂದೂ ಪ್ರಶ್ನಾವಳಿಯಲ್ಲಿರಲಿಲ್ಲ.

ಬೇರೆ ಕಡೆ ಇದನ್ನು ಮಾಡಿದವರಿದ್ದಾರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರ‍್ಯಾಂಡ್‌ವಿಕ್‌ನ ಬಾಲಕರ ಮತ್ತು ಬಾಲಕಿಯರ ಸರ್ಕಾರಿ ಪ್ರೌಢಶಾಲೆಗಳ ಬಗ್ಗೆ 2023ರಲ್ಲಿ ಸ್ಥಳೀಯರ ಅಭಿಪ್ರಾಯ ಕೇಳಿ, 2025ರಿಂದ ಸಹಶಿಕ್ಷಣದ ಒಂದೇ ಶಾಲೆ ಆರಂಭಿಸಿದರು. ಕೇರಳದಲ್ಲಿ 2022ರ ಜುಲೈನಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ಆಯೋಗ ಪ್ರತ್ಯೇಕ ಶಾಲೆಗಳನ್ನೇ ಕೊನೆಗೊಳಿಸುವಂತೆ ನಿರ್ದೇಶನ ನೀಡಿತು; ಆದರೆ ಪೋಷಕ–ಶಿಕ್ಷಕರ ಸಂಘವೂ ಸ್ಥಳೀಯ ಸಂಸ್ಥೆಯೂ ಒಪ್ಪಿದ ಶಾಲೆಗಳನ್ನು ಬದಲಿಸುವ ದಾರಿಯನ್ನು ಅಲ್ಲಿಯ ಸರ್ಕಾರ ಹಿಡಿಯಿತು. ಮೇಲಿನಿಂದ ಬಂದ ಆದೇಶಕ್ಕಿಂತ ಆ ಶಾಲೆಯವರೇ ಕುಳಿತು ಮಾಡಿದ ನಿರ್ಣಯಕ್ಕೆ ಹೆಚ್ಚು ಆಯುಸ್ಸು ಎಂಬುದು ನನ್ನ ನಂಬಿಕೆ.

ವರದಿ ಓದಿದ ಮೇಲೆ ನಾನು ಇಲಾಖೆಗೆ ಲಿಖಿತ ಹೇಳಿಕೆ ಕಳಿಸಿದೆ. ಸಹಶಿಕ್ಷಣಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಹೀಗಿದ್ದರೆ ಎಂದು ಬರೆದೆ. ಮಕ್ಕಳು ಬರುವ ಮೊದಲೇ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆಗಳು ಸಿದ್ಧವಿರಬೇಕು. ಪ್ರತಿ ವಿಷಯವನ್ನು ಎಷ್ಟು ಹುಡುಗರು, ಎಷ್ಟು ಹುಡುಗಿಯರು ಆರಿಸಿಕೊಂಡರು ಎಂಬುದನ್ನು ಪ್ರತಿ ವರ್ಷ ಪ್ರಕಟಿಸಬೇಕು. ಯಾವುದಾದರೂ ವಿಷಯದಲ್ಲಿ ಹುಡುಗಿಯರ ಸಂಖ್ಯೆ ಕುಸಿದರೆ ಶಾಲೆ ಕಾರಣ ಹೇಳಬೇಕು. ಪ್ರಯೋಗಾಲಯ, ಕಾರ್ಯಾಗಾರಗಳಲ್ಲಿ ಸರದಿಯ ನಿಯಮ ಲಿಖಿತವಾಗಿರಬೇಕು. ಕಿರುಕುಳದ ದೂರು ಸ್ವೀಕರಿಸಲು ಇಬ್ಬರು ಶಿಕ್ಷಕರನ್ನು, ಮೊದಲ ದಿನದಿಂದಲೇ, ಹೆಸರಿಸಿರಬೇಕು. ಹುಡುಗ, ಹುಡುಗಿ ಎಂಬ ಎರಡು ಬಾಗಿಲುಗಳಲ್ಲಿ ಯಾವುದೂ ತನ್ನದೆನಿಸದ ಮಗುವಿಗೂ ಬಾಗಿಲು ಮುಚ್ಚದ ಕೋಣೆಯೊಂದು ಇರಬೇಕು. ಈಗ ಬಾಲಕಿಯರ ಶಾಲೆಯಲ್ಲಿ ಓದುತ್ತಿರುವವರಿಗೆ ಬೇರೆ ಬಾಲಕಿಯರ ಶಾಲೆಗೆ ಹೋಗುವ ಅವಕಾಶ ಕೊಡಬೇಕು. ಅವರು ಸೇರಿದ್ದು ಅದು ಬಾಲಕಿಯರ ಶಾಲೆ ಎಂದೇ ಅಲ್ಲವೇ?

ಹೇಳಿಕೆ ತಲುಪಿದೆ, ಎರಡನೇ ಹಂತದಲ್ಲಿ ಪರಿಗಣಿಸುತ್ತೇವೆ ಎಂಬ ಉತ್ತರ ಬಂದಿದೆ. ಎರಡನೇ ಹಂತ ಎಂದರೆ ಕಟ್ಟಡ ಮತ್ತು ವೇಳಾಪಟ್ಟಿಯ ಯೋಜನೆ. ಅದಕ್ಕೂ ಅಭಿಪ್ರಾಯ ಕೇಳುತ್ತಾರಂತೆ. ಮೊದಲ ಹಂತದಲ್ಲಿ ಯಾವುದನ್ನು ಆರಿಸಿದವರೇ ಆಗಲಿ, ಈ ಹಂತವನ್ನು ಬಿಡಬೇಡಿ. ನೆರೆಯ ಶಾಲೆಗಳ ಪೋಷಕರಿಗೂ ವಿಷಯ ತಿಳಿಸಿ. ಮುಕ್ತ ಭೇಟಿಯ ದಿನ ಮಕ್ಕಳನ್ನೂ ಕರೆದುಕೊಂಡು ಹೋಗಿ, ಚೀಟಿಯನ್ನು ಅವರ ಕೈಯಿಂದಲೇ ಬರೆಸಿ. ಹೇಳುವುದು ಹೆಚ್ಚಿದ್ದರೆ ಪ್ರಶ್ನಾವಳಿಯ ಚೌಕವನ್ನು ನೆಚ್ಚಿಕೊಳ್ಳದೆ ಲಿಖಿತ ಹೇಳಿಕೆಯನ್ನೇ ಸಲ್ಲಿಸಿ: ವರದಿಯ ಅನುಬಂಧದಲ್ಲಿ ಲಿಖಿತ ಹೇಳಿಕೆಗಳನ್ನು ಪೂರ್ತಿಯಾಗಿ ಅಚ್ಚು ಹಾಕಿದ್ದಾರೆ, ಚೌಕದಲ್ಲಿ ಬರೆದ ಕಾರಣಗಳಲ್ಲಿ ಒಂದನ್ನೂ ಹಾಕಿಲ್ಲ.